ಗುಜರಿಗೆ ಹೋಗದ ಗಾಡಿ

ಹಳೆಯ ಗಾಡಿ ಓಡಿಸುವವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಏನೂ ಆಗದ ದಿನ ನನಗೇ ಸಂಶಯ ಬಂದು ಬಾನೆಟ್ ಎತ್ತಿ ನೋಡುತ್ತಿದ್ದೆ.

ಬೈಲಹೊಂಗಲದ ಹಿಂಡಿ ವ್ಯಾಪಾರಿ ಸಾಹುಕಾರರೊಬ್ಬರ ಪಿಕಪ್ಪಿಗೆ ನಾನು ಹದಿನಾಲ್ಕು ವರ್ಷ ಡ್ರೈವರ್. ಎಮ್ಮೆಗಳಿಗೆ ಹಾಕುವ ಶೇಂಗಾ ಹಿಂಡಿ ಹೇರಿಕೊಂಡು ಕಿತ್ತೂರು, ಸವದತ್ತಿ, ಮುನವಳ್ಳಿ, ರಾಮದುರ್ಗ ಎಂದು ವಾರವಿಡೀ ತಿರುಗುತ್ತಿದ್ದೆ. ಸಾಹುಕಾರರು ತಂದಾಗಲೇ ಅದು ಬೇರೆಯವರ ಕೈಯಲ್ಲಿ ಚೆನ್ನಾಗಿ ಸವೆದ ಗಾಡಿ. ವರ್ಷಕ್ಕೊಮ್ಮೆ ಸಾರಿಗೆ ಕಚೇರಿಗೆ ಒಯ್ದು, ಇದು ಓಡಲು ಯೋಗ್ಯ ಎಂದು ಸಾಹೇಬರಿಂದ ಪಾಸಿಂಗ್ ಮಾಡಿಸಬೇಕು. ಆ ದಿನ ಹತ್ತಿರ ಬಂದಾಗಲೆಲ್ಲ ಸಾಹುಕಾರರು, “ಈ ಸಲ ಪಾಸ್ ಆಗಲಿಲ್ಲಂದ್ರ ಗುಜರಿಗೆ ಹಾಕೂದ ನೋಡು” ಎನ್ನುವರು. ಆ ಗಾಡಿ ಎಂದರೆ ನನಗೆ ಜೀವ. ಅದರ ಜೀವ ಹಿಡಿದಿಟ್ಟವರು ನಮ್ಮ ಮಿಸ್ತ್ರಿ. ಸವದತ್ತಿ ರಸ್ತೆಯ ಬೇವಿನ ಗಿಡದ ಕೆಳಗೆ ಅವರ ಗ್ಯಾರೇಜು. ಅಂಥ ಕೈ ನಾನು ಇನ್ನೊಬ್ಬರಲ್ಲಿ ಕಂಡಿಲ್ಲ.

ಮೀಟರು

ನಮ್ಮ ಗಾಡಿಯ ಕಿಲೋಮೀಟರ್ ಮೀಟರಿನಲ್ಲಿ ಐದೇ ಅಂಕಿ. ಲಕ್ಷ ತುಂಬಿದೊಡನೆ ಎಲ್ಲ ಸೊನ್ನೆಯಾಗಿ ಮತ್ತೆ ಒಂದರಿಂದ ಶುರು. ನನ್ನ ಕಾಲದಲ್ಲಿ ಅದು ಮೂರನೇ ಸಲ ಸೊನ್ನೆಗೆ ಬಂದದ್ದು ಸವದತ್ತಿ ದಾಟಿ ಮುನವಳ್ಳಿಗೆ ಹೋಗುವ ದಾರಿಯಲ್ಲಿ. ಗಾಡಿ ನಿಲ್ಲಿಸಿ, ಕೆಳಗಿಳಿದು, ಸ್ಟೇರಿಂಗಿಗೆ ಕೈಮುಗಿದೆ. ಇಂಜಿನ್ ತೆಗೆದು ಹೊಸದು ಹಾಕಿಸಿದ್ದಲ್ಲ, ಹುಟ್ಟಿದಾಗಿನ ಇಂಜಿನ್ನೇ. ಹೆಮ್ಮೆಯಾಗದೆ ಇರುತ್ತದೆಯೇ?

ಮುನವಳ್ಳಿಯಲ್ಲಿ ಹಿಂಡಿ ಇಳಿಸಿದ ಮೇಲೆ ರೈತರೊಬ್ಬರು ಹೊಲದ ತನಕ ಬರುತ್ತೇನೆಂದು ಪಕ್ಕದಲ್ಲಿ ಕುಳಿತರು. ಬಾಗಿಲಿಗೆ ತಂತಿ ಬಿಗಿದಿತ್ತು. ಸೀಟಿನ ಹತ್ತಿ ಹೊರಗೆ ಬಂದಿತ್ತು. ಕಾಲ ಕೆಳಗಿನ ತಗಡಿನ ತೂತಿನಿಂದ ರಸ್ತೆ ಕಾಣುತ್ತಿತ್ತು. ಅವರು ಎಲ್ಲವನ್ನೂ ನೋಡಿದರು, ಆಮೇಲೆ ಮೀಟರು ನೋಡಿದರು. ಹದಿನೆಂಟು ಎಂದಿತ್ತು.

ನನ್ನ ಕಡೆ ತಿರುಗಿ ಅಂದರು: “ಹದಿನೆಂಟ ಕಿಲೋಮೀಟರ್ ಓಡಿಸಿ ಹೊಸಾ ಗಾಡಿ ಹಿಂಗ್ ಮಾಡಿಟ್ಟೀಯಲ್ಲೋ ಮಾರಾಯಾ, ನಿನಗ ಲೈಸೆನ್ಸ್ ಕೊಟ್ಟವರ‍್ಯಾರು?”

ಫೋನಿನಲ್ಲಿ ನಾಡಿ

ಮಿಸ್ತ್ರಿ ಗಾಡಿಯನ್ನು ಬಿಚ್ಚುವ ಮೊದಲು ಕಿವಿಯಿಂದ ನೋಡುವರು. ಬಾನೆಟ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸಪ್ಪಳ ಕೇಳಿ ರೋಗ ಹೇಳುವರು. ಹೇಳಿದ್ದು ತಪ್ಪಿದ್ದು ನನಗೆ ನೆನಪಿಲ್ಲ.

ಒಮ್ಮೆ ರಾಮದುರ್ಗದಲ್ಲಿ ಗಾಡಿ ಕಾದು ಕೆಂಡವಾಯಿತು. ವಿಚಿತ್ರ ಸಪ್ಪಳ ಬೇರೆ. ಆಗ ಮೊಬೈಲ್ ನಮ್ಮಂಥವರ ಕೈಗೆ ಬಂದಿರಲಿಲ್ಲ. ಎಸ್‌ಟಿಡಿ ಬೂತಿಗೆ ಓಡಿ, ಗ್ಯಾರೇಜಿನ ಪಕ್ಕದ ಕಿರಾಣಿ ಅಂಗಡಿಗೆ ಫೋನ್ ಹಚ್ಚಿ, ಮಿಸ್ತ್ರಿಯನ್ನು ಕರೆಸಿದೆ.

“ಸಪ್ಪಳ ಹೆಂಗ್ ಬರತೈತಿ?” ಎಂದರು.

“ಒಂಥರಾ ಬರತೈತ್ರಿ.”

“ಒಂಥರಾ ಅಂದ್ರ ನಾ ಏನ್ ತಿಳ್ಕೊಳ್ಳಿ? ಬಾಯಿಲೆ ಮಾಡಿ ತೋರಸು.”

ಬೂತಿನ ಹೊರಗೆ ನಾಲ್ಕೈದು ಜನ ಪಾಳಿಯಲ್ಲಿ ನಿಂತಿದ್ದರು. ನಾಚಿಕೆ ಬಿಟ್ಟು, “ಕಿರ್‌ರ್‌ರ್ ಖಟ್! ಕಿರ್‌ರ್‌ರ್ ಖಟ್!” ಎಂದೆ.

“ಮೊದಲ ಖಟ್ಟೋ, ಮೊದಲ ಕಿರ್‌ರೋ? ಸಾವಕಾಶ ಮಾಡು.”

ಮತ್ತೆ ಮಾಡಿದೆ. “ರೇಸ್ ಮಾಡಿದ್ರ ಹೆಂಗ?” ಎಂದರು. ರೇಸ್ ಕೊಟ್ಟೂ ಕೂಗಿದೆ. ಕೊನೆಗೆ ಅವರು, “ವಾಟರ್ ಪಂಪಿನ ಬೇರಿಂಗ್ ಹೋಗೈತಿ. ಬ್ಯಾರೆ ಏನೂ ಮುಟ್ಟಾಕ ಹೋಗಬ್ಯಾಡ. ಅಲ್ಲೇ ಇರು, ಬಸ್ಸಿಗೆ ಬರತೇನಿ” ಎಂದು ಫೋನ್ ಇಟ್ಟರು. ಮಧ್ಯಾಹ್ನ ಬಂದು ಬಿಚ್ಚಿದರೆ ಬೇರಿಂಗೇ. ಎರಡು ತಾಸಿನಲ್ಲಿ ಗಾಡಿ ತಯಾರು. ಎಪ್ಪತ್ತು ಕಿಲೋಮೀಟರ್ ದೂರದಿಂದ, ಅದೂ ನನ್ನ ಬಾಯಿಯ ಮೇಲೆ ಭರವಸೆ ಇಟ್ಟು ರೋಗ ಹಿಡಿದವರಿಗೆ ಏನೆನ್ನಬೇಕು!

ಆದರೆ ನಾನು ಬೂತಿನಿಂದ ಹೊರಗೆ ಬಂದ ಕ್ಷಣವೇ ಪಾಳಿಯಲ್ಲಿದ್ದ ಅಜ್ಜ ನನ್ನ ಕೈ ಹಿಡಿದಿದ್ದ. “ತಮ್ಮಾ, ಮೆಟ್ಟಲಾ ಹತ್ತುವಾಗ ನನ್ನ ಮೊಣಕಾಲೂ ಹಿಂಗ ಖಟ್ ಅಂತೈತಿ. ಆ ಡಾಕ್ಟರ್ ನಂಬರ್ ನನಗೂ ಕೊಡೊ ಯಪ್ಪಾ.”

ಇಳಿಜಾರು

ಒಂದು ಸಲ ಸೆಲ್ಫ್ ಮೋಟರೂ ಬ್ರೇಕೂ ಕೂಡಿಯೇ ಕೈಕೊಟ್ಟವು. ಮಿಸ್ತ್ರಿ ಅಂದರು: “ಸೆಲ್ಫ್ ಇಲ್ದ ಗಾಡಿ ನೂಕಿ ಚಾಲೂ ಮಾಡಬಹುದು. ಬ್ರೇಕ್ ಇಲ್ದ ನಿಲ್ಲಸೂದು ಹೆಂಗ? ಮೊದಲ ಬ್ರೇಕ್.” ಸೆಲ್ಫ್ ಸಾಮಾನು ಹುಬ್ಬಳ್ಳಿಯಿಂದ ಬರುವುದಕ್ಕೆ ತಿಂಗಳು ಹಿಡಿಯಿತು. ಆ ತಿಂಗಳೆಲ್ಲ ನಾನು ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕು, ಜಾರಿಸಿಯೇ ಚಾಲೂ ಮಾಡಬೇಕು. ಗುಡ್ಡವಿರುವ ಸವದತ್ತಿ ನನಗೆ ಸ್ವರ್ಗ. ಕಿತ್ತೂರಿನಲ್ಲಿ ಮಾತ್ರ ಸಾಹುಕಾರರ ಗಿರಾಕಿಯ ಅಂಗಡಿ ಸಪಾಟು ಜಾಗದಲ್ಲಿತ್ತು. ಅಲ್ಲಿಂದ ಒಂದು ಫರ್ಲಾಂಗು ದೂರದ ದಿಬ್ಬದ ಮೇಲೆ ಗಾಡಿ ನಿಲ್ಲಿಸಿದೆ. ಜೊತೆಗೆ ಬಂದಿದ್ದ, ಜರಿ ರುಮಾಲು ಸುತ್ತಿದ ಸಾಹುಕಾರರು ಬಿಸಿಲಲ್ಲಿ ನಡೆದು ಹೋದರು, ನಡೆದು ಬಂದರು. ಒಂದು ಮಾತೂ ಆಡಲಿಲ್ಲ. ದೊಡ್ಡ ಮನುಷ್ಯರು.

ಸೆಲ್ಫ್ ರಿಪೇರಿಯಾದ ಎರಡು ವರ್ಷದ ಮೇಲೆ ಅವರು ಹೊಸ ಗೋದಾಮಿಗೆ ಜಾಗ ನೋಡಲು ಹೊರಟರು. ದಲ್ಲಾಳಿ ತೋರಿಸಿದ ಜಾಗಕ್ಕೆ ನೀರಿತ್ತು, ಕರೆಂಟಿತ್ತು, ರಸ್ತೆ ಇತ್ತು. ಸಾಹುಕಾರರು ಸುತ್ತ ಕಣ್ಣಾಡಿಸಿ, ತಲೆ ಅಲ್ಲಾಡಿಸಿದರು.

“ಎಲ್ಲಾ ಛಲೋ ಐತ್ರಿ. ಇಳಕಲಾ ಒಂದು ಇಲ್ಲ ನೋಡ್ರಿ.”

ಪಾಸಿಂಗ್

ಕೊನೆಗೊಂದು ವರ್ಷ ಸಾಹುಕಾರರ ಮನೆಗೆ ಹೊಸ ಗಾಡಿ ಬಂತು. ನನ್ನನ್ನು ಕರೆದು ಹೇಳಿದರು: “ಹದಿನಾಕ ವರ್ಷ ನಿಯತ್ತಿಲೆ ದುಡಿದೀ. ಈ ಸಲ ಪಾಸ್ ಆತಂದ್ರ ಹಳೇ ಗಾಡಿ ನಿನ್ನ ಹೆಸರಿಗೆ ಮಾಡಿಕೊಡತೇನಿ, ರೊಕ್ಕಾ ಬ್ಯಾಡ. ಆಗಲಿಲ್ಲಂದ್ರ ಗುಜರಿ. ಆಮ್ಯಾಲೆ ಅಳೂದಿಲ್ಲ.”

ಅಳುವುದು ಆಮೇಲೆ ಎಲ್ಲಿ ಬಂತು, ಅಲ್ಲೇ ನಿಂತು ಅತ್ತುಬಿಟ್ಟೆ. ಸ್ವಂತ ಗಾಡಿ! ಮಿಸ್ತ್ರಿ ಎಂಟು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಬ್ರೇಕು, ಲೈಟು, ಹಾರ್ನು ಎಲ್ಲ ಹೊಸದರಂತೆ ಮಾಡಿ, ತಾವೇ ನನ್ನ ಪಕ್ಕ ಕುಳಿತು ಸಾರಿಗೆ ಕಚೇರಿಗೆ ಬಂದರು.

ಸಾಹೇಬರು ಎಲ್ಲ ನೋಡಿ ತಲೆದೂಗಿದರು. ಆಮೇಲೆ, “ಹೆಸರು ಬದಲಿ ಐತಿ. ಚಾಸಿ ನಂಬರ್ ಪ್ರಿಂಟ್ ಬೇಕು” ಎಂದರು. ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿನಲ್ಲಿ, ಮುಂದಿನ ಗಾಲಿಯ ಹತ್ತಿರ ಕೊರೆದ ನಂಬರು ಅದು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಬೇಕು. ನಮಗಿಂತ ಮುಂದೆ ನಿಂತಿದ್ದ ಗಾಡಿಯ ನಂಬರನ್ನು ತುಕ್ಕು ತಿಂದಿತ್ತು. ನಂಬರಿಲ್ಲದ ಗಾಡಿ ಆಗುವುದಿಲ್ಲ ಎಂದು ಆಗಷ್ಟೇ ತಿರುಗಿಸಿ ಕಳಿಸಿದ್ದರು. ಅದು ನಮ್ಮದಕ್ಕಿಂತ ಮೂರು ವರ್ಷ ಚಿಕ್ಕದು.

ಸಾಹೇಬರು ಬಗ್ಗಿದರು. ನಂಬರಿರಬೇಕಾದ ಜಾಗದಲ್ಲಿ ಬೆರಳು ದಪ್ಪದ ಬೂದು ಬಣ್ಣದ ಗಿಲಾವು. ಅವರ ಮುಖ ಬಿಗಿಯಾಯಿತು. “ಏನಿದು? ಪುಟ್ಟಿ ಬಡದು ನಂಬರ್ ಮುಚ್ಚೀರೇನು? ಕಳವಿನ ಗಾಡಿಯೇನಿದು?”

ಮಿಸ್ತ್ರಿ ಕೈಮುಗಿದು, “ಪುಟ್ಟಿ ಅಲ್ರೀ ಸಾಹೇಬ್ರ, ವಿಭೂತಿ” ಎಂದರು.

ಸಂಗತಿ ಹೀಗೆ. ಗಾಡಿ ಮನೆಗೆ ಬಂದ ದಿನ ಸಾಹುಕಾರರ ತಾಯಿ, ನಾವೆಲ್ಲ ಅವ್ವಾರು ಎನ್ನುವವರು, ಪೂಜೆಗೆ ನಿಂತು ಕೇಳಿದ್ದರಂತೆ: “ಎತ್ತಿಗೆ ಹಣಿ ಐತಿ, ಹಚ್ಚತೇವಿ. ಇದಕ್ಕ ಎಲ್ಲಿ ಹಚ್ಚೂದು?” ಮಿಸ್ತ್ರಿ ಆ ನಂಬರು ತೋರಿಸಿ, “ಇದು ಇದರ ಹುಟ್ಟಿನ ಗುರುತು, ಇಲ್ಲೇ ಹಚ್ರಿ ಅವ್ವಾರ” ಎಂದಿದ್ದರು. ಅಂದಿನಿಂದ ಹದಿನಾಲ್ಕು ವರ್ಷ, ಒಂದು ಅಮಾವಾಸ್ಯೆಯನ್ನೂ ಬಿಡದೆ, ಅವ್ವಾರು ಗಾಲಿಯ ಹತ್ತಿರ ಕುಳಿತು ಆ ಜಾಗಕ್ಕೆ ಕೊಬ್ಬರಿ ಎಣ್ಣೆ, ಕುಂಕುಮ, ಮೇಲೆ ವಿಭೂತಿ ಹಚ್ಚಿದ್ದರು. ಗಾಡಿ ತೊಳೆಯುವಾಗ ಅಲ್ಲಿಗೆ ನೀರು ಬಿಟ್ಟರೆ ನನಗೆ ಪೂಜೆಯಾಗುತ್ತಿತ್ತು.

“ಕೆರೀರಿ” ಎಂದರು ಸಾಹೇಬರು. ನಾನು ಮಿಸ್ತ್ರಿಯ ಮುಖ ನೋಡಿದೆ. ಮಿಸ್ತ್ರಿ ಆಕಾಶ ನೋಡಿದರು. ಇಬ್ಬರಿಗೂ ಅವ್ವಾರ ಹೆದರಿಕೆ. ಕೊನೆಗೆ ಸಾಹೇಬರೇ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದರು. ಏನನ್ನಿಸಿತೋ, ಮತ್ತೆ ಎದ್ದು ಬೂಟು ಕಳಚಿ ಬದಿಗಿಟ್ಟು ಕುಳಿತರು.

ಗಿಲಾವು ಹಳೆಯ ಗೋಡೆಯಂತೆ ಪದರು ಪದರಾಗಿ ಉದುರಿತು. ಕೆಳಗೆ ಎಣ್ಣೆ ಕುಡಿದ ಉಕ್ಕು, ತುಕ್ಕಿನ ಸುಳಿವೇ ಇಲ್ಲ. ಅಂಕಿಗಳು ನಿನ್ನೆ ಕೊರೆದಂತೆ ಹೊಳೆಯುತ್ತಿದ್ದವು. ಕಾಗದ ಒತ್ತಿದರೆ ಪೆನ್ಸಿಲ್ ಬೇಕಾಗಲೇ ಇಲ್ಲ; ಅಂಕಿಗಳ ಒಳಗೆ ಕೂತಿದ್ದ ಕುಂಕುಮದಿಂದ ಅಚ್ಚು ಕೆಂಪಾಗಿ ತಾನೇ ಬಂತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು, “ಇದನ್ನ ಫೈಲಿಗೆ ಹಚ್ಚಲ್ಯೋ, ದೇವರ ಜಗಲಿ ಮ್ಯಾಲೆ ಇಟ್ಟು ಪೂಜಾ ಮಾಡಲ್ಯೋ?” ಎಂದು ನಕ್ಕು ಸಹಿ ಹಾಕಿದರು.

ಸೀದಾ ಸಾಹುಕಾರರ ಮನೆಗೆ ಹೋಗಿ ಅವ್ವಾರ ಕಾಲಿಗೆ ಬಿದ್ದೆ. ಗಾಡಿ ನನ್ನದಾಯಿತು, ಅದು ನಿಮ್ಮಿಂದ ಎಂದೆ. ಅವರು ನನ್ನ ಮಾತಿಗೆ ಕಿವಿಗೊಡದೆ ಹೊರಗೆ ಬಂದು, ಗಾಲಿಯ ಹತ್ತಿರ ಬಗ್ಗಿ ನೋಡಿದರು.

“ಕೆರೆದವರ‍್ಯಾರು?”

“ಸಾಹೇಬ್ರು ರೀ ಅವ್ವಾರ. ಬೂಟು ಕಳದ ಕುಂತಿದ್ರು.”

“ಹಂಗಾರ ನಡೀತೈತಿ” ಎಂದು ಒಳಗೆ ಹೋಗಿ ಎಣ್ಣೆಯ ಗಿಂಡಿ, ವಿಭೂತಿ ತಂದರು. ಹಚ್ಚಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ನಾಲ್ಕು ಬೆರಳು ಎತ್ತಿ ತೋರಿಸುತ್ತ, ಹೊಸ ಮಾಲೀಕನಾದ ನನಗೆ ತೀರ್ಪು ಕೊಟ್ಟರು:

“ಗಾಡಿ ನಿಂದಾತು, ಬ್ಯಾಡ ಅನ್ನಂಗಿಲ್ಲ. ಆದ್ರ ಈ ನಾಕ ಬಟ್ಟ ಜಾಗಾ ನಂದು. ಅಮಾಸಿಗೊಮ್ಮೆ ತಂದ ತೋರಿಸಿ ಹೋಗು.”