ಪಾರ್ಕಿನಲ್ಲಿ ನಾನು ಹಿಡಿದ ಕಳ್ಳ

ಮನುಷ್ಯನ ಮುಖ ನೋಡಿದ ಕೂಡಲೇ ಅವನ ಒಳಗಿರುವುದನ್ನೆಲ್ಲ ಹೇಳಬಲ್ಲೆ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು. ನನ್ನ ಹೆಂಡತಿ ಜಯಮ್ಮನಿಗೆ ಈ ನಂಬಿಕೆ ಇರಲಿಲ್ಲ. ಅದು ಅವಳ ದುರದೃಷ್ಟವೆಂದು ಸುಮ್ಮನಿದ್ದೆ.

ನಮ್ಮ ಮನೆ ಮೈಸೂರಿನ ಚಾಮರಾಜಪುರಂನಲ್ಲಿ, ಪಾರ್ಕಿನ ಎದುರಿಗೆ. ಸಂಜೆಯಾದರೆ ಪಾರ್ಕಿನ ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು. ಬೀದಿಯ ಗಂಡಸರೆಲ್ಲ ಕಲ್ಲುಬೆಂಚುಗಳ ಮೇಲೆ ಕುಳಿತು ಕೇಳುತ್ತಿದ್ದರು. ಆಗಷ್ಟೇ ಹಿಂದಿನ ಬೀದಿಯ ಒಂದು ಮನೆಯ ಬಚ್ಚಲಿನಿಂದ ತಾಮ್ರದ ಹಂಡೆಯನ್ನೇ ಕಳ್ಳರು ಹೊತ್ತುಕೊಂಡು ಹೋಗಿದ್ದರು. ಅಂದಿನಿಂದ ನಾನು ವಾರ್ತೆ ಕೇಳುವುದನ್ನು ಬಿಟ್ಟು ಮುಖಗಳನ್ನು ನೋಡತೊಡಗಿದೆ. ಕಡಲೆಕಾಯಿ ಮಾರುವವನ ಮೇಲೆ ಅನುಮಾನ. ಪೇಪರ್ ಓದುವವನ ಮೇಲೆ ಇನ್ನೂ ಅನುಮಾನ. ಅವನು ಪುಟ ತಿರುಗಿಸಿದ್ದನ್ನು ನಾನಂತೂ ಕಾಣೆ!

"ನಿಮ್ಮನ್ನ ನೋಡಿದ್ರೆ ನನಗೇ ಅನುಮಾನ ಬರುತ್ತೆ ಕಣ್ರೀ," ಎಂದಳು ಜಯಮ್ಮ. "ಭಾನುವಾರ ಸರೋಜನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಿದಾರೆ. ಮೊದಲು ಅದರ ಕಡೆ ಗಮನ ಕೊಡಿ."

ಸರೋಜ ನನ್ನ ತಂಗಿ. ಅಪ್ಪ ಇಲ್ಲದ ಹುಡುಗಿ. ಮನೆಗೆ ಹಿರಿಯ ನಾನೇ. ಮಂಡ್ಯದ ಕಡೆಯ ಹುಡುಗನ ಫೋಟೋ ಬಂದಾಗಿನಿಂದ ಅವಳು ರವಿಕೆ ಹೊಲಿಯುವಾಗಲೂ ತನ್ನಷ್ಟಕ್ಕೇ ನಗುತ್ತಿದ್ದಳು. ಗಂಡಿನ ತಂದೆ ಬಂದು ಮಾತಾಡಿ ಹೋಗಿದ್ದರು. ಇನ್ನು ಗಂಡಿನ ಸೋದರಮಾವ ಒಪ್ಪಿದರೆ ಆಯಿತು. ಅವರನ್ನು ನಾವಿನ್ನೂ ನೋಡಿರಲಿಲ್ಲ.

ಶುಕ್ರವಾರ ಸಂಜೆ ಪಾರ್ಕಿನಲ್ಲಿ ಕಳ್ಳ ಕಂಡ! ತಲೆಗೆ ರುಮಾಲು. ಕಂಕುಳಲ್ಲಿ ಕೊಡೆ. ತುಂಡು ಮೋಡವಿಲ್ಲದ ದಿನ ಕೊಡೆ! ಕಣ್ಣು ನೆಟ್ಟಗೆ ನಮ್ಮ ಮನೆಯ ಮೇಲೆ. ಏನೂ ಅರಿಯದವನಂತೆ ಹೋಗಿ ಪಕ್ಕದಲ್ಲೇ ಕುಳಿತೆ.

"ಸ್ವಾಮಿ, ಆ ಹೆಂಚಿನ ಮನೆಯೋರು ನಿಮಗೆ ಗೊತ್ತಾ?" ಎಂದ.

"ಚೆನ್ನಾಗಿ ಗೊತ್ತು."

"ಅನುಕೂಲಸ್ತರಾ? ಒಡವೆ ವಸ್ತ್ರ ಏನಾರ ಐತಾ?"

ನೋಡಿ! ಕಳ್ಳನಾದರೂ ಒಂದು ಸಂಕೋಚ ಬೇಡವೇ?

"ಒಡವೆಯೇ? ಉಣ್ಣುವ ತಟ್ಟೆಗಳೂ ಅಡವು ಹೋಗಿವೆ," ಎಂದೆ.

"ಯಜಮಾನ್ರು ಎಂಗೆ?"

"ಸಿಟ್ಟು ಬಂದರೆ ಮಚ್ಚು ಹಿಡಿಯುತ್ತಾನೆ. ಸಿಟ್ಟು ದಿನಾ ಬರುತ್ತೆ."

ಅವನ ಮುಖ ಬಾಡಿತು. ನನಗೆ ಹುರುಪು ಬಂತು.

"ಮನೇಲಿ ಒಬ್ಳು ಹೆಣ್ಣುಮಗಳು ಅವ್ಳಂತಲ್ಲ?" ಎಂದ ಮೆಲ್ಲಗೆ.

ಹೆಂಗಸರಿರುವ ಮನೆಯೆಂದು ಧೈರ್ಯ ತಂದುಕೊಳ್ಳುತ್ತಿದ್ದಾನೆ! "ಅವಳ ಸುದ್ದಿಯೇ ಬೇಡ. ರಾತ್ರಿ ಕಣ್ಣು ಮುಚ್ಚುವುದಿಲ್ಲ. ಒನಕೆ ಹಿಡಿದು ಮನೆಯೆಲ್ಲ ಸುತ್ತುತ್ತಾಳೆ. ಪಾಪ, ಹಾಲಿನವನ ಕೈ ಮುರಿದೇ ಹೋಯಿತು."

"ಶಿವನೇ!" ಎಂದು ಅವನು ಎದ್ದೇಬಿಟ್ಟ.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಪಾರ್ಕಿನ ಮಾಲಿ ಕೆಂಚಯ್ಯನನ್ನು ಕೂಗಿ, "ಇವರನ್ನ ಗೇಟಿನ ಆಚೆ ಬಿಟ್ಟು ಬಾ. ಮತ್ತೆ ಇಲ್ಲಿ ಕಂಡರೆ ನನಗೆ ಹೇಳು," ಎಂದು ಅಪ್ಪಣೆ ಮಾಡಿದೆ.

ಮನೆಗೆ ಬಂದು, "ಇವತ್ತು ನಮ್ಮ ಮನೆ ಉಳಿಸಿದೆ ಕಣೇ," ಎಂದೆ. ಜಯಮ್ಮ ರವೆ ಹುರಿಯುತ್ತಿದ್ದಳು. "ಒಳ್ಳೇದಾಯ್ತು. ಹಾಗೇ ಅಂಗಡಿಗೆ ಹೋಗಿ ಏಲಕ್ಕಿ ತನ್ನಿ," ಎಂದಳು.

ಭಾನುವಾರ ಬಾಗಿಲಿಗೆ ಜಟಕಾ ಬಂತು. ಗಂಡಿನ ತಂದೆ ಇಳಿದರು. ಹುಡುಗ ಇಳಿದ. ಆಮೇಲೆ ಒಂದು ಕೊಡೆ ಇಳಿಯಿತು.

ನಾನು ಹಿತ್ತಲಿನಿಂದ ಓಡಿದೆ! ಓಣಿ ಬಳಸಿ ಪಾರ್ಕಿಗೆ ನುಗ್ಗಿ ಗೋರಂಟಿ ಬೇಲಿಯ ಹಿಂದೆ ಕುಕ್ಕರಿಸಿದೆ. ಫೋಟೋ ನೋಡಿ ನಗುತ್ತಿದ್ದ ಸರೋಜಳ ಮುಖ ಕಣ್ಣ ಮುಂದೆ ಬಂತು. ಆ ಕ್ಷಣ ನಿಜವಾಗಿಯೂ ಅಳು ಬಂತು.

ಎಷ್ಟೋ ಹೊತ್ತಾದ ಮೇಲೆ ಬೇಲಿಯ ಆಚೆ ಮಾತು ಕೇಳಿಸಿತು. ಸೋದರಮಾವ ಗಂಡಿನ ತಂದೆಯನ್ನು ಅಲ್ಲಿಗೇ ಕರೆತಂದಿದ್ದರು!

"ಈ ಬೆಂಚಿನ ಮೇಲೇ ಕುಂತು ಹೇಳ್ದ ಭಾವ. ನೀವು ಕಣ್ಣಾರೆ ನೋಡೇಬುಡಾನ ಅಂದಿದ್ದು ಒಳ್ಳೇದಾಯ್ತು. ಹುಡುಗಿ ಚಿನ್ನದಂಗವ್ಳೆ. ಆ ಸುಳ್ಳ ಯಾರು ಅಂತ ಮಾಲೀನೇ ಕೇಳ್ಬುಡಾನ."

ಕೆಂಚಯ್ಯ ಸತ್ಯವಂತ. "ಆ ಸ್ವಾಮ್ಯೋರಾ? ಆ ಮನೆ ಯಜಮಾನ್ರೇ ಅಲ್ವಾ! ಅಗೋ, ಬೇಲಿ ಹಿಂದೆ ಕುಂತವ್ರೆ ನೋಡಿ."

ಎದ್ದು ನಿಂತೆ. ಬೇರೆ ದಾರಿ ಇರಲಿಲ್ಲ.

"ನಿಮ್ಮನ್ನ ಕಳ್ಳ ಅಂದುಕೊಂಡುಬಿಟ್ಟೆ," ಎಂದೆ.

ಸೋದರಮಾವ ಗಂಡಿನ ತಂದೆಯ ಕಡೆ ತಿರುಗಿ, "ನನ್ನ ಮೊಕ ಅಂಗೈತಾ ಭಾವ?" ಎಂದರು. ಭಾವ ಆ ಮುಖವನ್ನು ದಿಟ್ಟಿಸಿ ನೋಡಿದರು. ನೋಡಿ, ಉತ್ತರ ಹೇಳದೆ ಗಹಗಹಿಸಿ ನಕ್ಕುಬಿಟ್ಟರು. ನಕ್ಕು ನಕ್ಕು ಬೆಂಚಿನ ಮೇಲೆ ಕುಳಿತರು. ಆ ನಗು ನನ್ನ ತಂಗಿಯ ಮದುವೆ ಉಳಿಸಿತು.

"ಹುಡುಗಿ ಒಪ್ಪಿಗೆ," ಎಂದರು ಸೋದರಮಾವ ಬಿಗುವಾಗಿ. "ಆದ್ರೆ ಮಾತುಕತೆ ಏನಿದ್ರೂ ನಿಮ್ಮನೆ ಆಯಮ್ಮನ ತಾವ."

ಅವರು ಮುಂದಾಗಿ ಹೋಗಿ ಎಲ್ಲ ಹೇಳಿಬಿಟ್ಟಿದ್ದರು; ನಾನು ಹಿಂದಿನಿಂದ ಮನೆಗೆ ಬಂದರೆ ಸರೋಜ ಕಣ್ಣು ಕೆಂಪಗೆ ಮಾಡಿಕೊಂಡು ಕಾದಿದ್ದಳು. "ಅಣ್ಣ, ನಾನು ಯಾವ ಹಾಲಿನವನ ಕೈ ಮುರಿದೆ?" ಎಂದು ಕೇಳಿದಳು. ಜಯಮ್ಮ ಮೂಲೆಯಲ್ಲಿದ್ದ ಒನಕೆಯ ಕಡೆ ನೋಡಿದಳು. ಅದಕ್ಕೇ ಹೆಚ್ಚು ಭಯವಾಯಿತು.

ಮದುವೆ ಚೆನ್ನಾಗಿಯೇ ಆಯಿತು. ಮಾರನೇ ವರ್ಷ ಅದೇ ಸೋದರಮಾವ ತಮ್ಮ ಮಗನಿಗೆ ಹೆಣ್ಣು ವಿಚಾರಿಸಲು ಮೈಸೂರಿಗೆ ಬಂದು ನಮ್ಮಲ್ಲೇ ಇಳಿದುಕೊಂಡರು. ಹೆಣ್ಣಿನವರು ನಮ್ಮ ಬೀದಿಯವರೇ; ಅವರ ಮೂರು ತಲೆಮಾರನ್ನೂ ನಾನು ಬಲ್ಲೆ. ಸವಿಸ್ತಾರವಾಗಿ ಹೇಳೋಣವೆಂದು ಗಂಟಲು ಸರಿಮಾಡಿಕೊಂಡೆ.

"ನೀವು ಒಸಿ ಪಾರ್ಕ್ ಕಡೆ ಗಾಳಿ ಕುಡ್ಕಂಡ್ ಬನ್ನಿ ಸ್ವಾಮಿ," ಎಂದು ಅವರು ಜಯಮ್ಮನ ಕಡೆ ತಿರುಗಿ ಕುಳಿತರು.

ಚಪ್ಪಲಿ ಮೆಟ್ಟಿಕೊಂಡು ಹೊರಟೆ.