ಎರಡ್ಹಲ್ಲಿನ ವರ

ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ಇಪ್ಪತ್ತು ವರ್ಷದಿಂದ ಹಲ್ಲಿನ ಸೆಟ್ ಮಾಡುತ್ತ ಕೂತಿದ್ದೇನೆ. ನಗೆಪಾಟಲನ್ನು ನಾನೆಂದೂ ಕರೆದವನಲ್ಲ. ಅದೇ ಅಂಗಡಿ ಹುಡುಕಿಕೊಂಡು ಬಂದು ಬಾಯಿ ತೆರೆಯುತ್ತದೆ. ಈ ಸಲ ಅದನ್ನು ಕರೆತಂದವನು ಕಾಲೇಜು ಓದುವ ನನ್ನ ತಂಗಿಯ ಮಗ. "ಮಾಮಾ, ಮೊಬೈಲ್‌ನಾಗ ಸಿನಿಮಾ ತಗ್ಯಾಕತ್ತೇನಿ. ಎರಡು ಕೋರೆಹಲ್ಲು ಬೇಕು" ಎಂದ. ಕಥೆಯಲ್ಲಿ ಒಬ್ಬಳೇ ಹುಡುಗಿ. ಅವಳ ಹಿಂದೆ ರಕ್ತ ಕುಡಿಯುವ ವ್ಯಾಂಪೈರ್ ಒಬ್ಬ, ಹುಣ್ಣಿಮೆಗೆ ತೋಳವಾಗುವವನೊಬ್ಬ. ಇಬ್ಬರಿಗೂ ಹದಿನೆಂಟು ವರ್ಷ.

ಹದಿನೆಂಟರ ಹೀರೋ

ವ್ಯಾಂಪೈರ್ ಆಗಿ ಬಂದವನು ನಮ್ಮ ಓಣಿಯ ಗುಮಾಸ್ತ. ವಯಸ್ಸು ಮೂವತ್ತೊಂದು. ಇಡೀ ಓಣಿಯಲ್ಲಿ ಕರಿ ಕೋಟು ಇದ್ದದ್ದು ಅವನೊಬ್ಬನ ಹತ್ತಿರವೇ. ಕನ್ಯಾ ನೋಡಲು ಹೋಗಲೆಂದು ಹೊಲಿಸಿದ ಕೋಟು ಅದು. ಮೂರು ಕಡೆ ಹೋಗಿಬಂದಿತ್ತು, ಮೂರು ಕಡೆಯೂ "ವರಕ್ಕ ವಯಸ್ಸು ಜಾಸ್ತಿ" ಎಂದಿದ್ದರು. ಅವನನ್ನು ನೋಡಿದರೆ ನನಗೆ ನಿಜಕ್ಕೂ ಪಾಪ ಅನ್ನಿಸುತ್ತಿತ್ತು.

ಗೋಳಗುಮ್ಮಟದ ಹತ್ತಿರ ಮೊದಲ ದೃಶ್ಯ. ನಾಯಕಿಯ ಕೈ ಹಿಡಿದು "ನಿನ್ನ ಬಿಟ್ಟು ನಾ ಇರಂಗಿಲ್ಲ" ಎಂದ. ಅಷ್ಟರಲ್ಲಿ ಒಂದು ಕೋರೆ ಕಳಚಿ ಅವಳ ಅಂಗೈಯಲ್ಲೇ ಬಿತ್ತು. ಆ ಹುಡುಗಿ ಅದನ್ನು ಒರೆಸಿ ವಾಪಸ್ ಕೊಟ್ಟಳು. "ತಗೋರಿ ಅಂಕಲ್, ಇದು ಬಿಟ್ಟು ಹೊಂಟೈತಿ."

ಕೆಲಸಕ್ಕೆ ಹೆಸರು ಕೆಡಬಾರದೆಂದು ಮರುದಿನ ನಾನು ಎರಡೂ ಕೋರೆಗೆ ಹಲ್ಲು ಕೂಡಿಸುವ ಗಟ್ಟಿ ಸಿಮೆಂಟು ಹಚ್ಚಿದೆ.

ಒಪ್ಪತ್ತಿನ ರಕ್ತ

ಹೀರೋನ ತಾಯಿ ಸುದ್ದಿ ಕೇಳಿ ಓಡಿ ಬಂದರು. "ನಮ್ಮನ್ಯಾಗ ಶ್ರಾವಣದಾಗ ಉಳ್ಳಾಗಡ್ಡಿ ಸೈತ ಮುಟ್ಟಂಗಿಲ್ಲ. ನನ್ನ ಮಗಗ ರಕ್ತ ಕುಡಸ್ತೀರೇನು?"

"ರಕ್ತ ಅಲ್ರಿ, ದಾಳಿಂಬ್ರಿ ರಸ" ಎಂದ ನಿರ್ದೇಶಕನಾದ ನನ್ನ ತಂಗಿಯ ಮಗ. ತಾಯಿ ಲೋಟ ತರಿಸಿದರು, ಮೂಸಿದರು, ಒಂದು ಗುಟುಕು ಕುಡಿದೂ ನೋಡಿದರು. ಸಮಾಧಾನವಾಯಿತು. ಸೋಮವಾರ ಮತ್ತೆ ಬಂದು ನಿರ್ದೇಶಕನ ಕಿವಿಯಲ್ಲಿ ಹೇಳಿದರು:

"ಇವತ್ತ ಅವ ಒಪ್ಪತ್ತು ಅದಾನ. ಎರಡ ಸಲ ರಕ್ತ ಕುಡಸ್ರಿ."

ಹೆಚ್ಚಿಗೆ ಬಂದ ಕುರಿ

ತೋಳದ ದೃಶ್ಯ ಕಳ್ಳಕವಟಗಿಯ ಹೊಲದಲ್ಲಿ, ಮಟಮಟ ಮಧ್ಯಾಹ್ನ. ಹುಣ್ಣಿಮೆಯ ಚಂದ್ರನನ್ನು ಕಂಪ್ಯೂಟರಿನಲ್ಲಿ ಹಾಕುವುದೆಂದು ಮಾತಾಗಿತ್ತು. ತೋಳನಾದವನು ನಿರ್ದೇಶಕನ ದಪ್ಪ ಗೆಳೆಯ. ಅಲ್ಲೇ ಕುರಿ ಮೇಯಿಸುತ್ತಿದ್ದ ಕುರುಬಜ್ಜನೊಬ್ಬನ ಕಂಬಳಿ ಬೇಡಿ ತಂದು ಅವನಿಗೆ ಹೊದಿಸಿದೆವು. ಅವನು ನಾಲ್ಕು ಕಾಲ ಮೇಲೆ ನಿಂತು ಊಳಿಟ್ಟದ್ದೇ ತಡ, ಅಜ್ಜನ ಎರಡು ನಾಯಿಗಳು ಬಾಣದ ಹಾಗೆ ಬಂದವು. ನಾವೆಲ್ಲ ಬೇವಿನ ಗಿಡ ಹತ್ತಿದೆವು.

ನಾಯಿಗಳು ಕಚ್ಚಲಿಲ್ಲ, ಮೂಸಿದವು. ಕಂಬಳಿಗೆ ತಮ್ಮದೇ ಹಿಂಡಿನ ವಾಸನೆ! ತಪ್ಪಿಸಿಕೊಂಡ ಕುರಿಯೆಂದು ತಿಳಿದು ಹಿಂದಿನಿಂದ ನೂಕುತ್ತ ಹಿಂಡಿಗೆ ಸೇರಿಸಿದವು. ಅವನು ಹೊರಗೆ ಬಂದಾಗಲೆಲ್ಲ ಮತ್ತೆ ಒಳಗೆ ಅಟ್ಟಿದವು. ಸಂಜೆ ಅಜ್ಜ ಹಿಂಡು ಎಣಿಸಿ ತಲೆ ಕೆರೆದುಕೊಂಡ. "ಒಂದು ಹೆಚ್ಚಿಗಿ ಬಂದೈತಲ್ಲ, ಯಾರ್ದಲೇ ಇದು ಕುರಿ?"

ಹಿಂಡಿನ ನಡುವಿನಿಂದ ಒಂದು ಕೈ ಮೇಲೆದ್ದಿತು. "ಯಜ್ಜಾ, ನಾ ಕುರಿ ಅಲ್ಲೋ, ತ್ವಾಳ ಅದೇನಿ!"

ಬಬಲೇಶ್ವರದ ಅಜ್ಜಿ

ಇಷ್ಟರಲ್ಲಿ ಬಬಲೇಶ್ವರದ ಒಕ್ಕಲುತನದ ಮನೆಯೊಂದರಿಂದ ಹೀರೋಗೆ ಸಂಬಂಧ ಬಂತು. "ಇವತ್ತ ಬರ್ರಿ" ಎಂದು ಹುಡುಗಿಯ ಅಜ್ಜಿ ಫೋನು ಮಾಡಿಸಿದ್ದಳು. ಅವನ ಕೋರೆಹಲ್ಲು ಕೀಳಲು ಕೂತೆ. ನನ್ನ ಇಕ್ಕಳ ಸೋತಿತು, ಸಿಮೆಂಟು ಗೆದ್ದಿತು. ಹೀರೋನ ತಾಯಿ ಅತ್ತೇಬಿಟ್ಟರು. "ಇದೊಂದ ಉಳದಿತ್ತರಿ. ಇದೂ ಹೋತು."

ತಪ್ಪು ನನ್ನದು, ನಾನೂ ಜೊತೆಗೆ ಹೋದೆ. "ಬಾಯಿ ಬಿಡಬ್ಯಾಡ" ಎಂದು ವರನಿಗೆ ದಾರಿಯುದ್ದಕ್ಕೂ ಹೇಳಿದೆ. ಪಾಪ, ಕೇಳಿದ್ದಕ್ಕೆಲ್ಲ ಬರೀ ಗೋಣು ಹಾಕಿದ.

"ಮೂಕ ಅದಾನೇನ?" ಎಂದಳು ಅಜ್ಜಿ. "ವಯಸ್ಸೂ ಜಾಸ್ತಿ ಕಾಣ್ತೈತಿ" ಎಂದರು ಒಳಗಿನಿಂದ ಯಾರೋ. ಅಷ್ಟರಲ್ಲಿ ತಾಟು ಬಂತು. ತಾಟಿನಲ್ಲಿ ಕಡಕ್ ರೊಟ್ಟಿ! ತಿನ್ನದಿದ್ದರೆ ಅವಮಾನ, ತಿಂದರೆ ಬಯಲು. ವರ ಕಣ್ಣು ಮುಚ್ಚಿ ಕರುಂ ಎಂದು ಕಡಿದ. ಎರಡೂ ಕೋರೆ ಎಲ್ಲರಿಗೂ ಕಂಡವು.

ಅಜ್ಜಿ ಎದ್ದು ಬಂದು, ಹೆಬ್ಬೆರಳಿನಿಂದ ಅವನ ತುಟಿ ಎತ್ತಿ ನೋಡಿದಳು. ನಮ್ಮ ಕಡೆ ಎತ್ತಿನ ವಯಸ್ಸು ತಿಳಿಯುವುದು ಹಲ್ಲಿನಿಂದ. ದೊಡ್ಡ ಹಲ್ಲು ಎರಡೇ ಬಂದಿದ್ದರೆ ಇನ್ನೂ ಎಳೆಯದು.

"ಯಾರ ಬೇ ವಯಸ್ಸಾಗೈತಿ ಅಂದಾಕಿ? ಈಗರ ಎರಡ್ಹಲ್ಲು ಬಂದಾವ. ಎಳೀ ಹೋರಿ ಐತಿ!"

ಎತ್ತಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೇ ಇರುವುದಿಲ್ಲ. ಅದು ನನಗೂ ಗೊತ್ತು, ಅಜ್ಜಿಗಂತೂ ಚೆನ್ನಾಗಿ ಗೊತ್ತು. ಇಬ್ಬರೂ ಸುಮ್ಮನಿದ್ದೆವು. ಅವಳು ವರನನ್ನು ಗೋಡೆಯಿಂದ ಗೋಡೆಗೆ ಎರಡು ಸಲ ನಡೆಸಿ, ಬೆನ್ನು ತಟ್ಟಿ, ಮೊಮ್ಮಗಳ ಕಡೆ ತಿರುಗಿದಳು. "ನೀ ಏನಂತಿ?"

ಹುಡುಗಿ ಸೆರಗಿನಲ್ಲಿ ನಗು ಒತ್ತಿ ಹಿಡಿದು ಹೇಳಿದಳು: "ಹೋರಿ ಹಾಯಂಗಿಲ್ಲಂದ್ರ ಆತು."

ಸಂಬಂಧ ಕುದುರಿತು. ಹೊರಗೆ ಬಂದ ಮೇಲೆ ವರನ ತಾಯಿ ಕಣ್ಣೊರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

"ಮದಿವಿ ತನಕ ಆ ಎರಡು ಹಲ್ಲು ಹಂಗ ಇರ್ಲಿ. ಆದ್ರ ಕೈ ಮುಗೀತೀನಿ, ಹೊಸಾವು ಹಚ್ಚಬ್ಯಾಡ್ರಿ. ನಾಕ್ಹಲ್ಲಾದ್ರ ಮತ್ತ ವಯಸ್ಸು ಜಾಸ್ತಿ ಅಂತಾರ!"