ಮೂರನೇ ತರಗತಿಯ ನೀಲಿ ಕುರ್ಚಿಯವರ ಸನ್ನಿಧಾನಕ್ಕೆ

ಮಾನ್ಯ ಪುಟ್ಟ ಕುರ್ಚಿಯವರೇ,

ತಾವು ನಾಲ್ಕೂ ಕಾಲುಗಳ ಮೇಲೆ ಕ್ಷೇಮವಾಗಿ ನಿಂತಿರುವಿರೆಂದು ನಂಬಿ, ಕಳೆದ ಮಂಗಳವಾರ ತಮ್ಮ ಮೇಲೆ ಆಸೀನನಾಗಿದ್ದ ಆ ಎತ್ತರದ ತಂದೆಯಾದ ನಾನು, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಇನ್ನೊಂದರಲ್ಲಿ ಬರೆದುಕೊಳ್ಳುವ ಬಿನ್ನಹವೇನೆಂದರೆ, ತಮ್ಮ ಮೇಲೆ ನನ್ನದೊಂದು ಸಣ್ಣ ದೂರಿದೆ. ಪುಟಾಣಿಗಳಿಗಾಗಿ ಹುಟ್ಟಿದ ತಾವು ನನ್ನಂಥವನನ್ನು ಹೊತ್ತದ್ದೇ ದೊಡ್ಡತನ. ನಾನು ಏಳಬೇಕೆಂದಾಗ ಬಿಡದೇ ಹೋದದ್ದಷ್ಟೇ ತಕರಾರು.

ಅಂದು ನಡೆದದ್ದು ನನ್ನ ಮಗಳ ವಿಶೇಷ ಶಿಕ್ಷಣದ ಯೋಜನಾ ಸಭೆ, ಅಂದರೆ ಬರುವ ವರ್ಷ ಅವಳು ಏನೇನು ಕಲಿಯಬೇಕು, ಅದಕ್ಕಿಂತ ಮುಖ್ಯವಾಗಿ, ತರಗತಿಯಲ್ಲಿ ಅವಳ ಪಕ್ಕ ಕೂರುವ ಸಹಾಯಕಿ ಅಕ್ಕ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆ ಎಂಬುದು ತಮಗೆ ತಿಳಿದೇ ಇದೆ. ಇದಕ್ಕಾಗಿ ನಾವು ಮನೆಯಲ್ಲಿ ಭರ್ಜರಿ ತಾಲೀಮು ನಡೆಸಿದ್ದೆವು. ನನ್ನಾಕೆ ಸಭೆಗೆ ಬರಲಿದ್ದ ಇಲಾಖೆಯ ಅಧಿಕಾರಿಯ ಪಾತ್ರ ವಹಿಸಿ, ನಾನು ಕೇಳಿದ್ದನ್ನೆಲ್ಲ ಎಷ್ಟು ಸಲೀಸಾಗಿ ತಳ್ಳಿಹಾಕಿದಳೆಂದರೆ, ಈ ಅಭ್ಯಾಸ ಎಲ್ಲಿಯದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೊನೆಗೆ, ಮಗಳ ಕಷ್ಟಗಳನ್ನು ಎತ್ತಿದರೆ ಟೀಚರು ತಮ್ಮ ಮೇಲೇ ದೂರು ಎಂದು ನೊಂದುಕೊಂಡಾರು, ಬರೀ ಒಳ್ಳೆಯದನ್ನೇ ಹೇಳೋಣ ಎಂದು ಒಪ್ಪಂದವಾಯಿತು. ಅತ್ತ ಟೀಚರು, ಕಷ್ಟ ಹೇಳಿದರೆ ತಾಯಿ ಅತ್ತುಬಿಟ್ಟಾರೆಂದು ತಮ್ಮ ಗಂಡನನ್ನು ಎದುರು ಕೂರಿಸಿಕೊಂಡು ಒಳ್ಳೆಯ ಮಾತುಗಳನ್ನೇ ಬಾಯಿಪಾಠ ಮಾಡಿದ್ದರಂತೆ.

ಹೀಗಾಗಿ ಸಭೆಯಲ್ಲಿ ಹೊಗಳಿಕೆಯ ಜುಗಲ್‌ಬಂದಿಯೇ ನಡೆಯಿತು. ಮಗಳು ಶೂ ಲೇಸು ಕಟ್ಟಿಕೊಳ್ಳುತ್ತಾಳೆಂದು ನಾವು ಹೇಳಿದರೆ, ಅವಳು ಬಿಡಿಸಿದ ಬಸ್ಸಿನ ಚಿತ್ರವನ್ನು ಟೀಚರು ಎತ್ತಿ ತೋರಿಸಿದರು. ಮುಖ್ಯೋಪಾಧ್ಯಾಯರ ಕೋಣೆಯಿಂದ ತರಿಸಿದ ಮೆತ್ತೆಯ ಕುರ್ಚಿಯಲ್ಲಿ ಕುಳಿತಿದ್ದ ಅಧಿಕಾರಿಯಮ್ಮ ಎಲ್ಲವನ್ನೂ ಕೇಳಿ, “ತುಂಬಾ ಸಂತೋಷ. ಇಷ್ಟೆಲ್ಲಾ ತಾನೇ ಮಾಡ್ಕೊಳ್ತಾಳೆ ಅಂದ್ರೆ ಸಹಾಯಕಿ ಇನ್ಯಾಕೆ?” ಎಂದರು.

ಪ್ರತಿಭಟಿಸಲು ನಾನು ಗಂಭೀರವಾಗಿ ಎದ್ದೆ; ತಾವೂ ತಮ್ಮೆರಡು ಕೈಗಳಿಂದ ನನ್ನ ಸೊಂಟವನ್ನು ಅಪ್ಪಿಕೊಂಡು ಅಷ್ಟೇ ಗಂಭೀರವಾಗಿ ಎದ್ದಿರಿ. ನ್ಯಾಯ ಕೇಳಲು ನಿಂತವನ ಹಿಂದೆ ಇಷ್ಟು ಗಟ್ಟಿಯಾಗಿ ಯಾರೂ ನಿಂತದ್ದನ್ನು ನಾನು ಕಂಡಿಲ್ಲ. ಟೀಚರು ತಡೆಯಲಾರದೆ ನಕ್ಕರು, ನಗುನಗುತ್ತಲೇ ಅವರ ಕಣ್ಣು ತುಂಬಿತು. “ನಾನು ಪೂರ್ತಿ ಹೇಳ್ಲಿಲ್ಲ ಮೇಡಂ. ಗಂಟೆ ಹೊಡೆದ್ರೆ ಈಗಲೂ ಮೇಜಿನ ಕೆಳಗೆ ಹೋಗ್ತಾಳೆ. ಅಕ್ಕ ಹೋಗಿ ಪಕ್ಕದಲ್ಲಿ ಕೂತ್ರೆ ಮಾತ್ರ ಹೊರಗೆ ಬರ್ತಾಳೆ” ಎಂದರು. “ಮನೇಲಿ ಮಿಕ್ಸಿ ಹಾಕಿದ್ರೂ ಹಾಗೇನೇ” ಎಂದು ನನ್ನಾಕೆಯೂ ಬಾಯಿಬಿಟ್ಟಳು. ಅವಳು ಅಳಲಿಲ್ಲ, ಟೀಚರು ನೊಂದುಕೊಳ್ಳಲಿಲ್ಲ. ನಮ್ಮ ಮಗುವಿನ ಹೆದರಿಕೆಯನ್ನು ಇನ್ನೊಬ್ಬರೂ ಇಷ್ಟು ಹತ್ತಿರದಿಂದ ನೋಡಿದ್ದಾರೆಂದು ತಿಳಿದು ನನ್ನ ಎದೆ ಹಗುರಾಯಿತು. “ಇದನ್ನ ಮೊದಲೇ ಹೇಳ್ಬಾರ್ದಾ?” ಎಂದ ಅಧಿಕಾರಿಯಮ್ಮ, ಸಹಾಯಕಿಯನ್ನು ಮುಂದಿನ ಸಭೆಯವರೆಗೆ ಉಳಿಸಿದರು.

ಆದ್ದರಿಂದ ದೂರನ್ನು ಹಿಂದಕ್ಕೆ ಪಡೆದು, ಅದರ ಜಾಗದಲ್ಲಿ ಕೆಲವು ಕೋರಿಕೆಗಳನ್ನು ಇಡುತ್ತಿದ್ದೇನೆ. ಉದ್ದನೆಯ ತಂದೆಯರು ಬಂದಾಗ ತಾವು ಒಂದು ಗೇಣು ಬೆಳೆಯುವ ಕೃಪೆ ಮಾಡಬೇಕು. ಸವಿಮಾತು ಬಾಯಿಪಾಠ ಮಾಡಿಕೊಂಡು ಬಂದವರು ಯಾರೇ ಇರಲಿ, ನಿಜ ಹೇಳುವ ತನಕ ಅವರನ್ನು ಬಿಡಬಾರದು. ಸಾಧ್ಯವಾದರೆ ಬಡ್ತಿ ಪಡೆದು ಮೇಲಿನ ಕಚೇರಿಗೆ ವರ್ಗವಾಗಿ, ಮಕ್ಕಳನ್ನು ನೋಡದೆಯೇ ಮಕ್ಕಳ ವಿಷಯ ತೀರ್ಮಾನಿಸುವ ಮಹನೀಯರನ್ನೂ ಒಂದು ಮಧ್ಯಾಹ್ನ ತಮ್ಮ ಮಡಿಲಲ್ಲಿ ಕೂರಿಸಿಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಲಿಫ್ಟ್ ರಿಪೇರಿಯ ಉದ್ದಣ್ಣ

ತಾ.ಕ.: ಮನೆಗೆ ಬಂದು ಮಗಳಿಗೆ, ಇವತ್ತು ಎಲ್ಲರೂ ಸೇರಿ ನಿನ್ನ ಬಗ್ಗೆಯೇ ಮಾತಾಡಿದೆವು, ಅದೂ ನಿನ್ನ ಕ್ಲಾಸಿನಲ್ಲಿ, ನಿನ್ನ ಕುರ್ಚಿಯ ಮೇಲೇ ಕೂತು, ಎಂದು ಹೆಮ್ಮೆಯಿಂದ ಹೇಳಿದೆ. ಅವಳು, “ಮತ್ತೆ ನನ್ನನ್ನ ಯಾಕೆ ಕರೀಲಿಲ್ಲ?” ಎಂದಳು. ಈ ಪ್ರಶ್ನೆ ಎರಡೂ ಮನೆಗಳ ತಾಲೀಮಿನಲ್ಲಿ ಬಂದಿರಲಿಲ್ಲ. ಮುಂದಿನ ಸಭೆಗೆ ನಾನು ನಿಂತೇ ಇರುತ್ತೇನೆ. ತಾವು ದಯವಿಟ್ಟು ಅವಳಿಗಾಗಿ ಖಾಲಿ ಇರಿ.